ಒಂದು ಕಿವಿ ಕೇಳಿಸುತ್ತಿರುವಾಗ ಎರಡನೇ ಇಂಪ್ಲಾಂಟ್ ಬೇಕೇ?

ಪ್ರಶ್ನೆ: ನಮ್ಮ ಮಗಳಿಗೆ ಐದೂವರೆ ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಎರಡು ವರ್ಷ ತುಂಬಿದಾಗ ಸರ್ಕಾರದ ಯೋಜನೆಯಲ್ಲಿ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಕೂರಿಸಿ ಶ್ರವಣ ನರಕ್ಕೆ ನೇರವಾಗಿ ಸಂಕೇತ ಕಳಿಸುವ ಸಾಧನ) ಆಯಿತು. ಈಗ ಚೆನ್ನಾಗಿ ಮಾತನಾಡುತ್ತಾಳೆ, ಪದ್ಯ ಹೇಳುತ್ತಾಳೆ. ಎಡಗಿವಿಯ ಹಿಯರಿಂಗ್ ಏಡ್ ಅನ್ನು ಪದೇ ಪದೇ ಕಿತ್ತು ಹಾಕುತ್ತಿದ್ದುದರಿಂದ ಒಂದು ವರ್ಷದ ನಂತರ ಹಾಕುವುದನ್ನೇ ಬಿಟ್ಟೆವು. ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸಬೇಕು. ಎಡಗಿವಿಗೂ ಇಂಪ್ಲಾಂಟ್ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. ಎಂಟು ಲಕ್ಷ ರೂಪಾಯಿಗೂ ಹೆಚ್ಚು ಬೇಕು. ಒಡವೆ ಅಡವಿಟ್ಟರೆ ಹೊಂದಿಸಬಹುದು. ಒಂದರಲ್ಲೇ ಎಲ್ಲವೂ ಕೇಳಿಸುತ್ತಿರುವಾಗ ಇನ್ನೊಂದು ಏಕೆ ಎಂದು ನಮ್ಮ ಅತ್ತೆ ಕೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮನೆಯಲ್ಲಿ ಎದುರಿಗೆ ಕುಳಿತು ಮಾತನಾಡುವಾಗ ಒಂದು ಇಂಪ್ಲಾಂಟ್ ಬಹುಮಟ್ಟಿಗೆ ಸಾಕಾಗುತ್ತದೆ, ಅವರು ಮೊಮ್ಮಗಳನ್ನು ನೋಡುತ್ತಿರುವುದೂ ಅಲ್ಲಿಯೇ. ಕೊರತೆ ಕಾಣಿಸುವುದು ಬೇರೆ ಕಡೆ. ಒಂದು ದಿನ ಕುಕ್ಕರ್ ಕೂಗುತ್ತಿರುವಾಗ, ಮಗಳು ಬೆನ್ನು ತಿರುಗಿಸಿ ಆಡುತ್ತಿದ್ದರೆ, ಅವಳ ಎಡಭಾಗದಿಂದ ಸಾಮಾನ್ಯ ದನಿಯಲ್ಲಿ ಹೆಸರು ಹಿಡಿದು ಕರೆದು ನೋಡಿ. ಅವಳಿಗೆ ಕೇಳಿಸದೇ ಇರಬಹುದು, ಅಥವಾ ಕೇಳಿಸಿಯೂ ಬಲಕ್ಕೆ ತಿರುಗಿ ಹುಡುಕಬಹುದು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ದಿನವಿಡೀ ನಡೆಯುವುದು ಇದೇ, ವಾಹನಗಳು ಓಡಾಡುವ ರಸ್ತೆಯಲ್ಲೂ ಇದೇ.

ಎಡದಿಂದ ಬಂದ ಸದ್ದು ಬಲಗಿವಿಗಿಂತ ಎಡಗಿವಿಯನ್ನು ಕೊಂಚ ಮೊದಲು, ಕೊಂಚ ಜೋರಾಗಿ ತಲುಪುತ್ತದೆ. ಈ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ತಲೆ ಅಡ್ಡವಾಗಿರುವುದರಿಂದ ‘ಸ’, ‘ಶ’ಗಳಂಥ ಎತ್ತರದ ಧ್ವನಿಗಳು ಆಚೆ ಬದಿಯ ಕಿವಿಗೆ ಮಂಕಾಗಿಯೇ ಸೇರುತ್ತವೆ. ಎರಡು ಇಂಪ್ಲಾಂಟ್ ಇದ್ದಾಗ ಜೋರಿನ ವ್ಯತ್ಯಾಸ ಸಾಕಷ್ಟು ಸಿಗುತ್ತದೆ, ಆದರೆ ಸಮಯದ ಸೂಕ್ಷ್ಮ ವ್ಯತ್ಯಾಸವನ್ನು ಈಗಿನ ಯಂತ್ರಗಳು ಚೆನ್ನಾಗಿ ದಾಟಿಸುವುದಿಲ್ಲ. ಆದ್ದರಿಂದ ಎರಡನೆಯದು ಬಂದರೆ ಸಹಜ ಕಿವಿಗಳಂತೆಯೇ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗದ್ದಲದಲ್ಲಿ ಆಯಾಸ ಕಡಿಮೆಯಾಗುವುದು, ಎಡಬದಿಯ ಮಾತು ತಪ್ಪಿಹೋಗದಿರುವುದು, ಒಂದು ಪ್ರೊಸೆಸರ್ (ಸದ್ದನ್ನು ಹಿಡಿದು ಒಳಗಿನ ಇಂಪ್ಲಾಂಟ್‌ಗೆ ಕಳಿಸುವ ಹೊರಗಿನ ಯಂತ್ರ) ರಿಪೇರಿಗೆ ಹೋದ ವಾರ ಮಗು ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಕಾಗದಿರುವುದು, ಇಷ್ಟನ್ನು ನಿರೀಕ್ಷಿಸಬಹುದು.

ನಿಮ್ಮ ಮಗಳ ವಿಷಯದಲ್ಲಿ ನನ್ನನ್ನು ಯೋಚನೆಗೆ ಹಚ್ಚುವುದು ಹಣಕ್ಕಿಂತ ಹೆಚ್ಚಾಗಿ ಕಾಲ. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ 2009ರಲ್ಲೇ ತೀವ್ರ ಕಿವುಡುತನವಿರುವ ಮಕ್ಕಳಿಗೆ ಎರಡೂ ಕಿವಿಗೆ ಒಟ್ಟಿಗೇ ಇಂಪ್ಲಾಂಟ್ ಮಾಡಬೇಕೆಂದು ಶಿಫಾರಸು ಮಾಡಿತು. ನಮ್ಮಲ್ಲಿ ಸರ್ಕಾರದ ನೆರವು ಸಾಮಾನ್ಯವಾಗಿ ಒಂದು ಕಿವಿಗೆ ನಿಲ್ಲುವುದರಿಂದ ಎರಡನೆಯದು ತಡವಾಗುತ್ತದೆ. ಹಾಗೆ ತಡವಾದಷ್ಟೂ ಮಿದುಳಿನ ಶ್ರವಣ ಭಾಗ ಮೊದಲ ಕಿವಿಯ ಕಡೆಗೇ ವಾಲಿಬಿಡುತ್ತದೆ. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಅಂತರ ಒಂದೂವರೆ ವರ್ಷದೊಳಗಿದ್ದ ಮಕ್ಕಳಲ್ಲಿ ಈ ವಾಲಿಕೆ ಕಡಿಮೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ನಿಮ್ಮ ಮಗಳಲ್ಲಿ ಆ ಅಂತರ ಈಗಾಗಲೇ ಮೂರು ವರ್ಷ ದಾಟಿದೆ. ಅದರಲ್ಲಿ ಎರಡೂವರೆ ವರ್ಷ ಎಡಗಿವಿಗೆ ಹಿಯರಿಂಗ್ ಏಡ್ ಕೂಡ ಇರಲಿಲ್ಲ. ಎಡಗಿವಿ ಬಲಗಿವಿಗೆ ಸರಿಸಮವಾಗುವುದು ಕಷ್ಟ ಎಂದೇ ಇಟ್ಟುಕೊಳ್ಳಿ. ಆದರೂ ಏಳು ವರ್ಷದೊಳಗಿನ ಮಿದುಳಿಗೆ ಕಲಿಯುವ ಶಕ್ತಿ ಇನ್ನೂ ಉಳಿದಿರುತ್ತದೆ, ಮೊದಲ ಕಿವಿಯಿಂದ ಗಳಿಸಿದ ಭಾಷೆಯೂ ಎರಡನೆಯದಕ್ಕೆ ಆಸರೆಯಾಗುತ್ತದೆ. ಮಾಡಿಸುವುದಾದರೆ ಈ ವರ್ಷವೇ ಮಾಡಿಸುವುದು ಮೇಲು. ಹತ್ತು ವರ್ಷವಾದ ಮೇಲೆ ನೋಡೋಣ ಎಂಬುದು ಸರಿಯಾದ ಲೆಕ್ಕವಲ್ಲ.

ನಿರ್ಧಾರಕ್ಕೆ ಮುಂಚೆ ಎಡಗಿವಿಯನ್ನು ಹೊಸದಾಗಿ ಪರೀಕ್ಷಿಸಬೇಕು. ಅಲ್ಲಿ ತಗ್ಗಿನ ಧ್ವನಿಗಳಾದರೂ ಒಂದಿಷ್ಟು ಉಳಿದಿದ್ದರೆ, ಸರಿಯಾಗಿ ಹೊಂದಿಸಿದ ಹಿಯರಿಂಗ್ ಏಡ್ ಅನ್ನು ಎರಡು-ಮೂರು ತಿಂಗಳು ಪಟ್ಟುಹಿಡಿದು ಹಾಕಿಸಿ ನೋಡಿ. ಇಂಪ್ಲಾಂಟ್ ಚೆನ್ನಾಗಿ ಕೊಡಲಾರದ ಹಾಡಿನ ಏರಿಳಿತ, ದನಿಯ ಧಾಟಿ ಇವನ್ನು ಏಡ್ ಕೊಡುತ್ತದೆ, ಆಗ ಶಸ್ತ್ರಚಿಕಿತ್ಸೆಗೆ ಅವಸರಪಡಬೇಕಾಗಿಲ್ಲ. ಏನೂ ಉಳಿದಿಲ್ಲವೆಂದಾದರೆ ಆ ಹಾದಿ ಮುಗಿಯಿತು. ಎಡಭಾಗದ ಶ್ರವಣ ನರ ಸರಿಯಾಗಿದೆಯೇ ಎಂಬುದನ್ನು ಎಂಆರ್‌ಐ ಸ್ಕ್ಯಾನ್‌ನಲ್ಲಿ ಖಚಿತಪಡಿಸಿಕೊಳ್ಳಿ. ದೇಹದ ಸಮತೋಲನದ ಅಂಗವೂ ಒಳಕಿವಿಯಲ್ಲೇ ಇರುವುದರಿಂದ, ಬಲಭಾಗದ್ದು ಮೊದಲ ಶಸ್ತ್ರಚಿಕಿತ್ಸೆಯಲ್ಲಿ ದುರ್ಬಲವಾಗಿದೆಯೇ ಎಂಬ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ; ಎರಡೂ ಕಡೆ ದುರ್ಬಲವಾದರೆ ಮಗುವಿಗೆ ಸಮತೋಲನ ಕಷ್ಟವಾಗಬಹುದು. ಇದನ್ನು ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ. (ಮಿದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್‌ನಿಂದ ಕಿವುಡಾದ ಮಕ್ಕಳ ವಿಷಯ ಬೇರೆ, ಅವರ ಒಳಕಿವಿಯಲ್ಲಿ ಮೂಳೆ ಬೆಳೆದು ದಾರಿ ಮುಚ್ಚಿಹೋಗಬಹುದಾದ್ದರಿಂದ ವಾರಗಳೂ ಮುಖ್ಯವಾಗುತ್ತವೆ.)

ಇನ್ನು ಒಡವೆಯ ಮಾತು. ನನ್ನ ಖಚಿತ ಅಭಿಪ್ರಾಯವೆಂದರೆ, ಎರಡನೇ ಕಿವಿಯ ಹಣ ಮೊದಲನೇ ಕಿವಿಯ ಹಣವನ್ನು ತಿನ್ನಬಾರದು. ಬಲಗಿವಿಯ ಪ್ರೊಸೆಸರ್‌ಗೆ ಮೂರು ವರ್ಷ ದಾಟಿದೆ; ವಾರಂಟಿ ಎಂದು ಮುಗಿಯುತ್ತದೆ ಎಂಬುದನ್ನು ಮೊದಲು ನೋಡಿ. ಕಾಯಿಲ್, ಕೇಬಲ್, ಬ್ಯಾಟರಿಗಳಿಗೆ ಪ್ರತಿ ವರ್ಷ ಖರ್ಚಿದೆ, ಒಂದಲ್ಲ ಒಂದು ದಿನ ಇಡೀ ಪ್ರೊಸೆಸರನ್ನೇ ಬದಲಿಸಬೇಕಾಗುತ್ತದೆ, ಎರಡು ಕಿವಿಯಾದರೆ ಅದೆಲ್ಲ ಎರಡರಷ್ಟು. ಒಡವೆಯೆಲ್ಲ ಹೋಗಿ ಕೈಯಲ್ಲಿ ಏನೂ ಉಳಿಯದ ಸ್ಥಿತಿ ಬರುವುದಾದರೆ, ಶಿಕ್ಷಕರ ಕೊರಳಿಗೆ ಹಾಕಿ ಅವರ ಮಾತನ್ನು ನೇರವಾಗಿ ಪ್ರೊಸೆಸರ್‌ಗೆ ಕಳಿಸುವ ಪುಟ್ಟ ವೈರ್‌ಲೆಸ್ ಮೈಕ್ ಕೊಳ್ಳುವುದೇ ಜಾಣತನ. ದೂರದಲ್ಲಿ ನಿಂತ ಶಿಕ್ಷಕರ ಮಾತಿನ ಮಟ್ಟಿಗಂತೂ ಅದು ಎರಡನೇ ಇಂಪ್ಲಾಂಟ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ, ಬೆಲೆಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಒಡವೆಯಲ್ಲಿ ಒಂದು ಭಾಗ ಉಳಿಸಿಕೊಂಡೂ ಹಣ ಹೊಂದುವುದಾದರೆ, ನರ ಸರಿಯಾಗಿದ್ದು ಸಮತೋಲನದ ಪರೀಕ್ಷೆಯೂ ತೃಪ್ತಿಕರವಾಗಿದ್ದರೆ, ಮಾಡಿಸಿ ಎಂದೇ ಹೇಳುತ್ತೇನೆ. ಆಗ ಬಲಗಿವಿಯದ್ದೇ ಕಂಪನಿಯ ಸಾಧನವನ್ನು ಆರಿಸಿಕೊಳ್ಳಿ.

ಒಂದು ಮಾತನ್ನು ಮಾತ್ರ ನೀವಿಬ್ಬರೂ ಕುಳಿತು ತೀರ್ಮಾನಿಸಿಕೊಳ್ಳಬೇಕು: ಶಸ್ತ್ರಚಿಕಿತ್ಸೆ ಮುಗಿದು ಸಾಧನ ಸ್ವಿಚ್ ಆನ್ ಆದ ನಂತರದ ಒಂದು ವರ್ಷದ ಅಭ್ಯಾಸಕ್ಕೆ ಸಮಯ ಯಾರು ಕೊಡುತ್ತೀರಿ? ಎಡಗಿವಿಯಲ್ಲಿ ಮೊದಮೊದಲು ಬರುವುದು ಮಾತಲ್ಲ, ಬೀಪ್ ಎಂಬಂಥ ಸದ್ದು. ಹಿಂದೆ ಹಿಯರಿಂಗ್ ಏಡ್ ಕಿತ್ತು ಹಾಕಿದ ಮಗು ಇದನ್ನೂ ಕಿತ್ತು ಹಾಕಲು ನೋಡುತ್ತದೆ. ದಿನಕ್ಕೆ ಒಂದಿಷ್ಟು ಹೊತ್ತು ಬಲಗಿವಿಯ ಪ್ರೊಸೆಸರ್ ತೆಗೆದಿಟ್ಟು, ಎಡಗಿವಿಯೊಂದರಿಂದಲೇ ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಕೇಳಿಸಬೇಕು, ಆಮೇಲೆ ಅವಳಿಗೆ ಗೊತ್ತಿರುವ ಪದಗಳನ್ನು, ಪದ್ಯಗಳನ್ನು. ತುಟಿ ಕಾಣದಿರಲಿ ಎಂದು ಕೈಯಿಂದ ಬಾಯಿ ಮುಚ್ಚಿಕೊಳ್ಳಬೇಡಿ, ‘ಸ್’ ಮಸುಕಾಗಿಬಿಡುತ್ತದೆ. ಅವಳ ಎಡಪಕ್ಕದಲ್ಲಿ ಕುಳಿತು ಹೇಳಿ. ಆರಂಭದ ತಿಂಗಳುಗಳಲ್ಲಿ ಮ್ಯಾಪಿಂಗ್‌ಗೆ, ಅಂದರೆ ಸದ್ದಿನ ಮಟ್ಟವನ್ನು ಮಗುವಿಗೆ ತಕ್ಕಂತೆ ಹೊಂದಿಸಲು, ಹಲವು ಬಾರಿ ಓಡಾಡಬೇಕಾಗುತ್ತದೆ. ನಿಮ್ಮ ಜಿಲ್ಲೆಯಿಂದ ದೂರವಲ್ಲದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆಗಳ ಜೊತೆಗೆ ಕನ್ನಡದಲ್ಲೇ ಥೆರಪಿಯೂ ಸಿಗುತ್ತದೆ. ಎರಡನೇ ಅಭಿಪ್ರಾಯಕ್ಕೂ ಅಲ್ಲಿಗೆ ಹೋಗಬಹುದು.

ಯಾವ ತೀರ್ಮಾನಕ್ಕೆ ಬಂದರೂ ಜೂನ್‌ನಲ್ಲಿ ಶಾಲೆಯವರೊಂದಿಗೆ ಜಾಗದ ಮಾತಾಡಿ. ಬೋರ್ಡಿಗೆ ಮುಖ ಮಾಡಿದಾಗ ಎಡಬದಿಗೆ ಬರುವ ಸಾಲಿನಲ್ಲಿ, ಮುಂದಿನಿಂದ ಎರಡನೇ ಬೆಂಚಿನ ಗೋಡೆಯ ಕಡೆಯ ತುದಿಯಲ್ಲಿ ಅವಳನ್ನು ಕೂರಿಸಲು ಹೇಳಿ. ಬಲಗಿವಿ ಶಿಕ್ಷಕರ ಕಡೆಗೂ ಉಳಿದ ಮಕ್ಕಳ ಕಡೆಗೂ ತೆರೆದಿರುತ್ತದೆ.