ಮೀಡಿಯಂ ತಿಳಿಯಾಗಿದೆ, ಕೋಶಗಳು ಮಾತ್ರ ಸೊರಗುತ್ತಿವೆ

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಫ್ಲಾಸ್ಕಿನಲ್ಲಿ ಬೆಳೆಸುತ್ತಿರುವ ಕೋಶಗಳು ಈಚೆಗೆ ತುಂಬಾ ನಿಧಾನವಾಗಿವೆ. ಅವು ಬೆಳೆಯುವ ಪೋಷಕ ದ್ರವ, ಅಂದರೆ ಮೀಡಿಯಂ, ತಿಳಿಯಾಗಿಯೇ ಇದೆ. ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಆ್ಯಂಟಿಬಯಾಟಿಕ್ ತಪ್ಪದೇ ಹಾಕುತ್ತೇನೆ. ಏನಾಗಿರಬಹುದು?

ಉತ್ತರ: ನನ್ನ ಮೊದಲ ಅನುಮಾನ ಮೈಕೊಪ್ಲಾಸ್ಮಾ ಮೇಲೆ. ಈ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್ ತಡೆಯುವುದು ಆ ಭಿತ್ತಿ ಕಟ್ಟುವ ಕೆಲಸವನ್ನು, ಹಾಗಾಗಿ ಇಲ್ಲಿ ಅದರ ಆಟ ನಡೆಯಲ್ಲ. ಎಷ್ಟು ಸಣ್ಣದೆಂದರೆ 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಬಲ್ಲದು. ಮೀಡಿಯಂ ಕದಡುವುದೂ ಇಲ್ಲ.

ಅದರ ಡಿಎನ್‌ಎ ಇದೆಯೇ ಎಂದು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸಿ. ಅಥವಾ ಡಿಎನ್‌ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ ಬಣ್ಣ ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿ. ನ್ಯೂಕ್ಲಿಯಸ್ ದುಂಡಗೆ ನೀಲಿಯಾಗಿ ಹೊಳೆಯುತ್ತದೆ, ಅದು ಸರಿ. ಅದರ ಹೊರಗೂ ರವೆ ಚೆಲ್ಲಿದ ಹಾಗೆ ಚುಕ್ಕಿಗಳು ಕಂಡರೆ ಅನುಮಾನ ಗಟ್ಟಿ. ಆಮೇಲೆ ಆ ಕೋಶಗಳನ್ನು ಉಳಿಸಿಕೊಳ್ಳಲು ಒದ್ದಾಡಬೇಡಿ. ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಎಲ್ಲವನ್ನೂ ಕೊಂದು, ಬಿಸಾಡಿ. ಮೊದಲೇ ಫ್ರೀಜ್ ಮಾಡಿಟ್ಟ ವಯಲ್ ಇದ್ದರೆ ಅದನ್ನೂ ಪರೀಕ್ಷಿಸಿ, ಶುದ್ಧವಾಗಿದ್ದರೆ ಮಾತ್ರ ಅದರಿಂದ ಶುರು ಮಾಡಿ.

ಆ್ಯಂಟಿಬಯಾಟಿಕ್ ಸದಾ ಹಾಕುವ ಅಭ್ಯಾಸ ನನಗಂತೂ ಇಷ್ಟವಿಲ್ಲ. ಅದು ಸಣ್ಣಪುಟ್ಟ ಸೋಂಕನ್ನು ಮುಚ್ಚಿಡುತ್ತದೆ, ಕೈಯ ಶಿಸ್ತೂ ಸಡಿಲವಾಗುತ್ತದೆ. ಹುಡ್ (ಶುದ್ಧ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಎದುರು ಕೂತು ಹರಟೆ ಬೇಡ. ಮೈಕೊಪ್ಲಾಸ್ಮಾದ ಒಂದು ಜಾತಿ ನಮ್ಮ ಬಾಯಲ್ಲೇ ಇರುತ್ತದೆ, ಗೊತ್ತಾ?

ಹುಡ್‌ನಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ಕೋಶ ಇರಲಿ, ಪ್ರತಿಯೊಂದಕ್ಕೂ ಬೇರೆ ಮೀಡಿಯಂ ಬಾಟಲಿ ಇಡಿ. 1951ರಲ್ಲಿ ಬೆಳೆಸಲು ಶುರುವಾದ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳು ಎಷ್ಟೋ ಲ್ಯಾಬ್‌ಗಳಲ್ಲಿ ಬೇರೆ ಕೋಶಗಳ ಜಾಗ ಆಕ್ರಮಿಸಿದ್ದವು. ನಿಮ್ಮವು ಯಾವುವು ಎಂದು ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆಯಲ್ಲಿ ಖಚಿತ ಮಾಡಿಕೊಳ್ಳಿ.