ಜಿ, ಎಚ್ ಅಲ್ಲಿಗೆ ಬಂದದ್ದು ಹೇಗೆ?

“ಮೂರನೇ ಕ್ಲಾಸಿನ ಮೊಮ್ಮಗಳು ರಾತ್ರಿ ಎನ್ನುವ ‘ನೈಟ್’ ಪದದಲ್ಲಿ ಜಿ, ಎಚ್ ಯಾಕೆ ತಾತ ಅಂತ ಕೇಳಿದಳು. ಉತ್ತರ ತೋಚಲಿಲ್ಲ. ಇಂಗ್ಲಿಷರಿಗೆ ಮೊದಲಿನಿಂದಲೂ ಇದೇ ಎಬಿಸಿಡಿ ಇತ್ತೇ? ಅಷ್ಟಕ್ಕೂ ಬರವಣಿಗೆ ಶುರುವಾದದ್ದು ಹೇಗೆ?”
– ನಿವೃತ್ತ ಮೇಷ್ಟ್ರು, ತಿಪಟೂರು

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಮೊದಮೊದಲು ಬರೆದದ್ದು ದೇವರ ಸ್ತುತಿಯೋ ರಾಜರ ಕಥೆಯೋ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಇರಾಕಿನ ಉರುಕ್‌ನಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳಲ್ಲಿ ಜಾಸ್ತಿ ಇರುವುದು ಲೆಕ್ಕ. ಬಾರ್ಲಿ ಎಷ್ಟು ಬಂತು, ಕುರಿ ಎಷ್ಟು, ಬಿಯರ್ ಎಷ್ಟು ಹೋಯಿತು. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ಒಂದು ತಲೆ, ಅದರ ಬಾಯಿಯ ಹತ್ತಿರ ಒಂದು ಬಟ್ಟಲು ಬರೆದರೆ ಊಟದ ಪಡಿ ಎಂದರ್ಥ. ಚೀನಾದಲ್ಲಿ, ಮೆಕ್ಸಿಕೋ ಕಡೆಯಲ್ಲಿ ಬರಹ ಬೇರೆಯಾಗಿಯೇ ಹುಟ್ಟಿತು.

ಎಬಿಸಿಡಿಯ ಬೇರು ಇರುವುದು ಈಜಿಪ್ಟಿನ ಚಿತ್ರಲಿಪಿಯಲ್ಲಿ. ಅದನ್ನು ನೋಡಿದ ಸೆಮಿಟಿಕ್ (ಅರಬ್ಬಿ, ಹೀಬ್ರೂ ಬಳಗದ) ಮಾತಿನ ಜನ ದನಿಗೊಂದು ಗುರುತು ಮಾಡಿಕೊಂಡರು. ಅದು ಈಗಿನ ಲೆಬನಾನ್ ಕರಾವಳಿಯ ಫಿನಿಷಿಯನ್ನರು, ಗ್ರೀಕರನ್ನು ದಾಟಿ ರೋಮನ್ನರ ಕೈಗೆ ಬಂತು. ಮೊಮ್ಮಗಳಿಗೆ ದೊಡ್ಡ ‘ಎ’ ಬರೆದು, ಹಾಳೆಯನ್ನು ತಲೆಕೆಳಗಾಗಿ ಹಿಡಿದು ತೋರಿಸಿ. ಎತ್ತಿನ ಮುಖ, ಎರಡು ಕೊಂಬು ಕಾಣುತ್ತದೆ. ಅದು ಹುಟ್ಟಿದ್ದೇ ಎತ್ತಿನ ತಲೆಯಿಂದ.

ಇಂಗ್ಲಿಷರ ಹಿರಿಯರಿಗೆ ಈ ಅಕ್ಷರ ಇರಲಿಲ್ಲ. 5ನೇ ಶತಮಾನದಲ್ಲಿ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಬ್ರಿಟನ್ನಿಗೆ ಬಂದ ಆಂಗಲ್, ಸ್ಯಾಕ್ಸನ್ ಜನರಿಗೆ ಗೊತ್ತಿದ್ದದ್ದು ರೂನ್ ಲಿಪಿ. ಮರ, ಮೂಳೆಗಳ ಮೇಲೆ ಕೊರೆಯುವ ನೇರ ಗೆರೆಗಳು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸತ್ತವರ ಬೂದಿ ತುಂಬಿದ್ದ ಮಡಕೆಯೊಂದರಲ್ಲಿ ಆಟದ ಕಾಯಿಗಳ ಜೊತೆ ಜಿಂಕೆಯ ಗಿಣ್ಣಿನ ಮೂಳೆ ಸಿಕ್ಕಿತು. ಅದರ ಮೇಲೆ ಆರೇ ಆರು ರೂನ್. ‘ಜಿಂಕೆಯದು’ ಎಂದು ಅದನ್ನು ಓದುತ್ತಾರೆ. ನಮ್ಮ ಹಲ್ಮಿಡಿ ಶಾಸನವೂ ಹೆಚ್ಚುಕಡಿಮೆ ಅದೇ ಕಾಲದ್ದು.

ರೋಮನ್ ಅಕ್ಷರ ತಂದವರು ಪಾದ್ರಿಗಳು. 597ರಲ್ಲಿ ರೋಮಿನಿಂದ ಅಗಸ್ಟೀನ್ ಎಂಬ ಪಾದ್ರಿ ಇಂಗ್ಲೆಂಡಿನ ಕೆಂಟ್‌ಗೆ ಬಂದ. ಕೆಲವೇ ವರ್ಷಗಳಲ್ಲಿ ಅಲ್ಲಿನ ರಾಜ ಏಥೆಲ್‌ಬರ್ಟ್ ತನ್ನ ಕಾನೂನನ್ನು ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲೇ ಬರೆಸಿದ. ಹೆಬ್ಬೆರಳು ಕತ್ತರಿಸಿದರೆ 20 ಶಿಲ್ಲಿಂಗ್, ಅದರ ಉಗುರು ಹೋದರೆ 3 ಶಿಲ್ಲಿಂಗ್ ಪರಿಹಾರ. ಎರವಲು ಅಕ್ಷರ ಎಲ್ಲ ದನಿಗೂ ಸಾಲಲಿಲ್ಲ. ‘ದಿಸ್’, ‘ಥಿಂಗ್’ ಪದಗಳ ಮೊದಲ ದನಿಗೆ ರೂನ್ ಲಿಪಿಯಿಂದಲೇ ಒಂದನ್ನು ಉಳಿಸಿಕೊಂಡರು. ಅದರ ಹೆಸರು ‘ಥಾರ್ನ್’, ಅಂದರೆ ಮುಳ್ಳು.

ಈಗ ಮೊಮ್ಮಗಳ ಪ್ರಶ್ನೆ. ಜಿ, ಎಚ್ ಅಲ್ಲಿ ಸುಮ್ನೆ ಬಂದು ಕೂತಿಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ರಾತ್ರಿಗೆ ‘ನಿಹ್ತ್’ ಅನ್ನುತ್ತಿದ್ದರು. ನಡುವಿನ ಹಕಾರವನ್ನು ಉಜ್ಜಿ ಹೇಳುತ್ತಿದ್ದರು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರೂಢಿಯ ಬರಹಗಾರರ ಕಾಲದಲ್ಲಿ ಆ ದನಿಗೆ ಜಿ, ಎಚ್ ಜೋಡಿ ಬಂತು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಇಟ್ಟ. ಅಚ್ಚಾದ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಯಿತು. ಆಡುವ ಮಾತು ಮಾತ್ರ ಬದಲಾಗುತ್ತಲೇ ಇತ್ತು, ಆ ಹಕಾರ ಬಿದ್ದುಹೋಯಿತು. ಯೋಧ ಎನ್ನುವ ‘ನೈಟ್’ ಪದದ ಕೆ ಕೂಡ ಹಾಗೆಯೇ. ಮೊದಲು ಅದು ‘ಕ್ನಿಹ್ತ್’, ಅರ್ಥ ಹುಡುಗ.

ಸ್ಪೆಲಿಂಗ್ ತಪ್ಪಿದರೆ ಮಕ್ಕಳನ್ನು ಬೈಯುತ್ತೇವೆ, ಈ ಕಥೆ ಮಾತ್ರ ಹೇಳುವುದಿಲ್ಲ. ಅದು ನನಗೆ ತುಂಬಾ ಬೇಸರದ ವಿಷಯ. ಜರ್ಮನ್ನರು ಇವತ್ತಿಗೂ ರಾತ್ರಿಗೆ ‘ನಾಖ್ಟ್’ ಅನ್ನುತ್ತಾರೆ. ಮೊಮ್ಮಗಳಿಂದ ‘ನಾಖ್ಟ್’, ‘ನಿಹ್ತ್’, ‘ನೈಟ್’ ಮೂರನ್ನೂ ಜೋರಾಗಿ ಹೇಳಿಸಿ. ಜಿ, ಎಚ್ ಎಲ್ಲಿತ್ತು ಅಂತ ಅವಳೇ ಹೇಳುತ್ತಾಳೆ.

– ಸಂಪಾದಕ