ಸತ್ತ ಮೀನು ಎಣಿಸಿದರೆ ಸಾಲದು

ಪ್ರಿಯ ಓದುಗರೇ,

‘ನೀರಿನಲ್ಲಿ ಔಷಧದ ಅಂಶವಿರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಸುಮ್ಮನೆ ಹೆದರಿಸುತ್ತದೆ. ಅದು ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದ ವಿಷಯ, ಅಷ್ಟಕ್ಕೆ ಯಾವ ಮೀನೂ ಸಾಯುವುದಿಲ್ಲ. ಲೇಖನ ಓದಿದ ನನ್ನ ತಾಯಿ ಮಾತ್ರೆಯೇ ಬೇಡವೆಂದು ಹಟ ಹಿಡಿದಿದ್ದಾರೆ’ ಎಂದು ಬರೆದಿದ್ದೀರಿ.

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಡಬಾರದೆಂದು ತಾಯಿಯವರಿಗೆ ದಯವಿಟ್ಟು ಹೇಳಿ. ಔಷಧದಿಂದ ಬದುಕಿ ಉಳಿದವರು ಕೋಟಿಗಟ್ಟಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಸಾಯುವುದಿಲ್ಲ’ ಎಂದಿರಲ್ಲ, ನನ್ನ ತಕರಾರು ಅಲ್ಲೇ.

ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 260ನೇ ಸಂಖ್ಯೆಯದಕ್ಕೆ 2001ರಿಂದ 2003ರವರೆಗೆ ಪ್ರತಿ ಬೇಸಿಗೆಯಲ್ಲೂ ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಬೆರೆಸಿದರು. ಪ್ರಮಾಣ ಲೀಟರಿಗೆ 5-6 ನ್ಯಾನೋಗ್ರಾಂ, ನೀವು ಹೇಳುವ ಅದೇ ಲೆಕ್ಕ. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಗಂಡುಗಳ ಮೈಯಲ್ಲಿ, ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಾಗತೊಡಗಿತು. ಮೀನುಗಳೇನೂ ರಾಶಿರಾಶಿಯಾಗಿ ಸತ್ತು ತೇಲಲಿಲ್ಲ. ಹೊಸ ಮರಿ ಬರಲಿಲ್ಲ, ಅಷ್ಟೇ. ಮಿನ್ನೋ ಅಲ್ಪಾಯುಷಿ, ಒಂದೆರಡು ವರ್ಷ ಮರಿ ತಪ್ಪಿದ್ದಕ್ಕೇ ಸಂತತಿ ನಿರ್ನಾಮದ ಅಂಚಿಗೆ ಬಂತು. ಹಾರ್ಮೋನು ಬೆರೆಸುವುದು ನಿಂತ ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡಿತು ಎಂಬುದನ್ನು ನೀವು ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಔಷಧದ ಅಂಶ ಹೊತ್ತು ಹರಿಯುವ ಊರ ಚರಂಡಿ ಮಾತ್ರ ಹಾಗೆ 2003ಕ್ಕೆ ನಿಲ್ಲುವುದಿಲ್ಲ, ಸ್ವಾಮಿ.

ನನ್ನ ನಿದ್ದೆ ಕೆಡಿಸಿದ್ದು ಮೆಡಾಕಾ ಮೀನು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅದರ ಭ್ರೂಣಗಳನ್ನು ಮೊದಲ 7 ದಿನ ಮಾತ್ರ ಇದೇ ಹಾರ್ಮೋನಿನ ನೀರಿನಲ್ಲಿಟ್ಟು ತೆಗೆದರು. ಪ್ರಮಾಣ ಸರೋವರದ್ದಕ್ಕಿಂತ ಹೆಚ್ಚೇ ಇತ್ತು, ಇರಲಿ. ಆ ಮೀನುಗಳು ಚೆನ್ನಾಗಿಯೇ ಬೆಳೆದವು, ಅವುಗಳ ಮಕ್ಕಳಲ್ಲೂ ಐಬು ಕಾಣಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಮೊಟ್ಟೆ ಫಲಿಸುವುದು ಕಡಿಮೆಯಾಯಿತು, ಮರಿಮಕ್ಕಳ ಕಾಲಕ್ಕೆ ಬದುಕುಳಿಯುವ ಭ್ರೂಣಗಳೇ ಕಡಿಮೆಯಾದವು. ಆ ಹಾರ್ಮೋನಿನ ಒಂದು ಹನಿಯನ್ನೂ ಕಾಣದ ಪೀಳಿಗೆಗಳಿವು! ಜೀಬ್ರಾ ಮೀನಿನ ಕಥೆಯೂ ಹೀಗೆಯೇ. 6 ದಿನ ಖಿನ್ನತೆಯ ಔಷಧ ಫ್ಲುಯೊಕ್ಸೆಟಿನ್ ಸೋಕಿದ್ದಕ್ಕೆ, ಒತ್ತಡ ಎದುರಿಸಲು ಬೇಕಾದ ಕಾರ್ಟಿಸಾಲ್ ಮುಂದಿನ 3 ತಲೆಮಾರಿನ ಗಂಡುಗಳಲ್ಲೂ ತಗ್ಗಿತ್ತು.

ಇನ್ನು, ನೀರಿಗೆ ಸೇರುವ ರಾಸಾಯನಿಕ ವಿಷಕಾರಿಯೇ ಎಂದು ತಿಳಿಯಲು ಸಾಮಾನ್ಯವಾಗಿ ಮಾಡುವ ನಮ್ಮ ಪರೀಕ್ಷೆಗಳನ್ನು ನೋಡಿ. ಮೀನಿಗೆ 96 ಗಂಟೆ, ಡಾಫ್ನಿಯಾ ಎಂಬ ನೀರುಚಿಗಟಕ್ಕೆ 48 ಗಂಟೆ. ಸತ್ತಿತೇ? ಅಲುಗಾಡುತ್ತಿದೆಯೇ? ಬರೆದುಕೊಂಡು ಎದ್ದರಾಯಿತು. ಬಸುರಿ ಡಾಫ್ನಿಯಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ನೀವು: ಗಾಜಿನಂಥ ಮೈ, ಬೆನ್ನಿನ ಚೀಲದಲ್ಲಿ ಮರಿಗಳು, ಆ ಮರಿಗಳೊಳಗೆ ಆಗಲೇ ಮುಂದಿನ ಪೀಳಿಗೆಯ ಬೀಜಕೋಶಗಳು. ಒಂದೇ ನೀರು ಮೂರು ತಲೆಮಾರನ್ನು ಒಟ್ಟಿಗೆ ಮುಟ್ಟುತ್ತದೆ. 21 ದಿನದ ಪರೀಕ್ಷೆಯೂ ಇದೆ. ಅದು ಮರಿಗಳನ್ನು ಎಣಿಸುವಲ್ಲಿಗೆ ಮುಗಿಯುತ್ತದೆ, ಆ ಮರಿಗಳ ಗತಿ ಕೇಳುವವರಿಲ್ಲ.

ಕೇಳಲು ಹೊರಟವರಿಗಾದರೂ ಪುರುಸೊತ್ತು ಕೊಡುತ್ತೇವೆಯೇ? 1968ರಲ್ಲಿ ಶುರುವಾದ ಆ ಸರೋವರಗಳ ಕೇಂದ್ರಕ್ಕೆ 2012ರಲ್ಲಿ ಕೆನಡಾ ಸರ್ಕಾರ ಹಣ ನಿಲ್ಲಿಸಲು ಹೊರಟಿತು; 2014ರಲ್ಲಿ ಬೇರೊಂದು ಸಂಸ್ಥೆ ವಹಿಸಿಕೊಂಡದ್ದರಿಂದ ಉಳಿಯಿತು. ಅನುದಾನಕ್ಕೆ ಗಡುವು, ಮಂತ್ರಿಗೆ ಚುನಾವಣೆ, ನಮ್ಮಂಥ ಪತ್ರಿಕೆಗಳಿಗೆ ಮುಂದಿನ ಸಂಚಿಕೆ. ಮೊಮ್ಮಗ ಮೀನು ಹುಟ್ಟುವವರೆಗೆ ಕಾಯುವ ವ್ಯವಧಾನ ಯಾರಿಗಿದೆ?

ನಿಮ್ಮಂತೆ ಕೆಣಕಿ ಬರೆಯುವವರು ಕಡಿಮೆಯಾಗಿದ್ದಾರೆ. 96 ಗಂಟೆ ಸಾಕು ಎಂದು ಇನ್ನೂ ಅನಿಸಿದರೆ ವಾದ ಕಟ್ಟಿ ಕಳಿಸಿ, ಕತ್ತರಿ ಹಾಕದೆ ಅಚ್ಚು ಮಾಡುತ್ತೇನೆ. ಮನೆಯಲ್ಲಿ ಉಳಿದ ಹಳೆಯ ಮಾತ್ರೆಗಳನ್ನು ಮಾತ್ರ ಕಕ್ಕಸಿಗೆ ಸುರಿಯಬೇಡಿ.

– ಸಂ.